ಮೊದಲ ಹೂವು ನೀನೇ ಕೀಳಬೇಕಂತೆ

ಅಮ್ಮಾ,

ಕಂಡಕಂಡವರ ಹತ್ತಿರ ಗಿಡದ ಕಡ್ಡಿ ಕೇಳುವ ನಿನ್ನ ಚಟ ಇವತ್ತು ನನ್ನ ಕುತ್ತಿಗೆಗೆ ಬಂತು.

ಬೆಳಿಗ್ಗೆ ನಮ್ಮ ಬಡಾವಣೆಯ ತೋಟದಲ್ಲಿ ನಿನ್ನ ಮೊಮ್ಮಗಳು ಪಾಸಾದ ಸುದ್ದಿ ಹೇಳಿದೆ. ಎಲ್ಲರೂ ಮಣ್ಣುಗೈಯಲ್ಲೇ ಚಪ್ಪಾಳೆ ತಟ್ಟಿದರು. ಮೇಷ್ಟ್ರು ತಮ್ಮ ಸೊಸೆ ಮನೆ ಬಿಟ್ಟು ಹೋದದ್ದನ್ನು ಹೇಳಿ ಗೊಬ್ಬರದ ಬುಟ್ಟಿಯ ಕಡೆ ತಿರುಗಿಕೊಂಡರು. ಅಲ್ಲಿ ಯಾರೂ ಏನನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ನನ್ನೊಬ್ಬಳನ್ನು ಬಿಟ್ಟು.

ಆಗ ಟೈಲರಮ್ಮ ಒಂದು ಗುಲಾಬಿ ಸಸಿ ತಂದರು.

"ನಿಮ್ಮಮ್ಮ ಹೋದ ಸಲ ಬಂದಾಗ ಕೇಳಿದ್ರಲ್ಲ, ಆ ಕಡ್ಡಿ ಕೊನೆಗೂ ಬೇರು ಬಿಡ್ತು ನೋಡು. ಹೇಗಿದ್ದಾರೆ ಈಗ?"

"ಪರವಾಗಿಲ್ಲ, ಸರಿಯಾಗಿ ಊಟ ಮಾಡ್ತಾಳೆ," ಅಂದೆ.

ಕಳೆ ಕೀಳುವಾಗ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಸುಳ್ಳು ಸಲೀಸಾಗಿ ಬಂತು. ಅಣ್ಣನ ಊರಿನಲ್ಲಿ ನಿನ್ನನ್ನು ಮಣ್ಣು ಮಾಡಿ ಬಂದ ಮರುದಿನವೇ ಹೇಳಬೇಕಿತ್ತು. ಅವತ್ತು ಎಲ್ಲರೂ ಏನಕ್ಕೋ ನಗುತ್ತಿದ್ದರು, ನಾಳೆ ಹೇಳೋಣ ಅಂದುಕೊಂಡೆ. ನನ್ನ ನಾಳೆಗಳು ನಿನಗೆ ಗೊತ್ತೇ ಇವೆ.

"ಮೊದಲ ಹೂ ಬಿಟ್ಟಾಗ ಅಮ್ಮನ್ನ ಕರ್ಕೊಂಡು ಬಾ, ಅವರ ಕೈಯಲ್ಲೇ ಕೀಳಿಸೋಣ," ಅಂದರು ಟೈಲರಮ್ಮ.

ನಿನಗೋಸ್ಕರ ಅಂತ ಎಲ್ಲರೂ ಸೇರಿ ಗುಂಡಿ ತೋಡಿದರು. ನಾನೂ ಒಂದು ಹಿಡಿ ಮಣ್ಣು ಹಾಕಿದೆ.

ಸಸಿಯಲ್ಲಿ ಆಗಲೇ ಒಂದು ಮೊಗ್ಗಿದೆ, ಅಮ್ಮ.