ಅಪ್ಪ ಎತ್ತಿಕೊಡುತ್ತಿದ್ದ ಕೀರ್ತನೆ

ಪ್ರೀತಿಯ ಅಪ್ಪ,

ನಿನ್ನನ್ನು ಮಣ್ಣು ಮಾಡಿದ ದಿನ ಪಾದ್ರಿಗಳು ಬಹಳ ಚೆನ್ನಾಗಿ ಮಾತಾಡಿದರು. ದೈವಭಕ್ತ, ಒಳ್ಳೆಯ ಸಂಸಾರಸ್ಥ, ಸಭೆಗೆ ಆಸರೆಯಾಗಿದ್ದವನು ಎಂದೆಲ್ಲ ಹೊಗಳಿದರು. ನಿನ್ನ ಹಾಡಿನ ವಿಷಯ ಮಾತ್ರ ಎತ್ತಲೇ ಇಲ್ಲ. ಪಾಪ, ದೇವರ ಮನೆಯಲ್ಲಿ ನಿಂತು ಸುಳ್ಳು ಹೇಳುವುದು ಹೇಗೆ?

ದೀವಿಹಲಸಿನ ಮರಕ್ಕೆ ನೇತುಹಾಕಿದ ಹಳೆಯ ಗ್ಯಾಸ್ ಸಿಲಿಂಡರನ್ನು ಸಂಜೆ ಬಡಿದರೆ ಸಾಕು, ಊರಿಗೆ ಊರೇ ಪ್ರಾರ್ಥನೆಗೆ ಮನೆ ಸೇರಬೇಕು. ಅಷ್ಟರೊಳಗೆ ಬರಬೇಕೆಂದು ಆಪಿಯಾ ಪಟ್ಟಣದಿಂದ ನೀನು ಬಸ್ಸು ಓಡಿಸುತ್ತಿದ್ದ ರಭಸವೇನು! ಮೀನಿನ ಚೀಲ ಅವುಚಿಕೊಂಡ ಹೆಂಗಸರು, "ಫಿಲಿಪೋ, ನಿಧಾನ ಕಣಪ್ಪ! ಪ್ರಾರ್ಥನೆಗೆ ಹೋಗೋಣ, ದೇವರ ಹತ್ರಾನೇ ಹೋಗೋದು ಬೇಡ" ಎಂದು ಕೂಗುತ್ತಿದ್ದರು.

ಬಂದು, ಕಾಲು ತೊಳೆದು, ಚಾಪೆಯ ಮೇಲೆ ಕೂತು ನೀನು ಕೀರ್ತನೆ ಎತ್ತುತ್ತಿದ್ದೆ. ಮೊದಲ ಸ್ವರವೇ ತೆಂಗಿನ ಮರದ ತುದಿಗೆ! ಹಿಂದೆ ನಾವು ಏದುಸಿರು ಬಿಡುತ್ತಾ ಹತ್ತಬೇಕು. ಅಮ್ಮ ದಿನವೂ ಗೊಣಗುತ್ತಿದ್ದಳು, "ಸ್ವಲ್ಪ ಇಳಿಸ್ರೀ, ದೇವರೇನು ಕಿವುಡನಾ?" ನೀನು ದಿನವೂ ಅದೇ ಉತ್ತರ ಕೊಡುತ್ತಿದ್ದೆ, "ಇಡೀ ಊರು ಒಟ್ಟಿಗೆ ಕೂಗ್ತಿದೆಯಲ್ಲೇ, ನಮ್ಮದೂ ಕೇಳಿಸಬೇಡ್ವಾ?" ಆಮೇಲೆ ನಮ್ಮೆಲ್ಲರ ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದೆ. ವರ್ಷಕ್ಕೊಮ್ಮೆ ಮಕ್ಕಳಿಗೇ ಮೊದಲ ಊಟವಿಡುವ ಮಕ್ಕಳ ಭಾನುವಾರ ಬಂದರೆ ಹೆಗಲಿಗೆ ಟವೆಲ್ ಹಾಕಿಕೊಂಡು ಮಕ್ಕಳಿಗೆ ನೀನೇ ಬಡಿಸಬೇಕು. ನನಗೆ ಮದುವೆಯಾಗಿ ಎರಡು ಮಕ್ಕಳಾದ ಮೇಲೂ ನೀನು ನನ್ನ ತಟ್ಟೆಯನ್ನು ಮೊದಲ ಪಂಕ್ತಿಯಲ್ಲೇ ಇಟ್ಟೆ. ಎಲ್ಲರೂ ನಕ್ಕರು. "ನಗ್ರೋ ನಗ್ರಿ. ಇವಳು ನನ್ನ ಮಗುವೇ" ಎಂದು ನೊಣ ಓಡಿಸುತ್ತಾ ನನ್ನ ಪಕ್ಕದಲ್ಲೇ ಕೂತೆ.

ನೀನು ಹೋದ ಮೇಲೆ ಅಮ್ಮ ಪ್ರಾರ್ಥನೆಗೆ ಕೂರುವುದನ್ನೇ ಬಿಟ್ಟಳು. ಸಿಲಿಂಡರ್ ಬಡಿಯುತ್ತಲೇ ಎದ್ದು, ಊರ ರೂಢಿಯಂತೆ ಮನೆಯಂಗಳದಲ್ಲೇ ಕಟ್ಟಿದ ನಿನ್ನ ಸಮಾಧಿಯ ಮೇಲೆ ಹೋಗಿ ಕೂರುತ್ತಿದ್ದಳು. ಆ ಹೊತ್ತಿನಲ್ಲಿ ಯಾರೂ ಹೊರಗಿರಕೂಡದೆಂದು ರಸ್ತೆಯಲ್ಲಿ ಕಾವಲು ನಿಲ್ಲುವ ಗಂಡಸರು ಅವಳನ್ನು ಕಂಡೂ ಕಾಣದವರಂತೆ ಸಮುದ್ರದ ಕಡೆ ತಿರುಗಿಬಿಡುತ್ತಿದ್ದರು. ನಾವು ಒಳಗೆ ಕರೆದರೆ, "ಅವರಿಲ್ಲದ ಪ್ರಾರ್ಥನೆ ನೀವೇ ಮಾಡ್ಕೊಳ್ಳಿ" ಎನ್ನುತ್ತಿದ್ದಳು. ದೇವರ ಮೇಲೆ ಅವಳು ಮುನಿಸಿಕೊಂಡಿದ್ದಾಳೆಂದು ನನಗೆ ಭಯವಾಗಿತ್ತು. ನಿನ್ನ ಜೊತೆಗೆ ಅವಳನ್ನೂ ಕಳೆದುಕೊಂಡೆವಾ ಅನ್ನಿಸುತ್ತಿತ್ತು.

ತಮ್ಮ ಎಸೆಕಿಯಾನದು ಗೊತ್ತಲ್ಲ, ಸಭೆಯಲ್ಲಿ ಹಾಡಿ ಹಾಡಿ ಪಳಗಿದ ಗಂಟಲು. ದಿನವೂ ಅಚ್ಚುಕಟ್ಟಾದ ಶ್ರುತಿಯಲ್ಲಿ ಕೀರ್ತನೆ ಎತ್ತುತ್ತಿದ್ದ. ಯಾರಿಗೂ ಏದುಸಿರಿಲ್ಲ, ನಗುವಿಲ್ಲ. ಯಾರದೋ ಮನೆಯಲ್ಲಿ ಕೂತಂತಿರುತ್ತಿತ್ತು.

ನಿನ್ನೆ ಮಾತ್ರ ಅವನು ಬಾಯಿ ತೆರೆದರೆ ಸ್ವರ ನೇರ ತೆಂಗಿನ ತುದಿಗೆ ಹೋಯಿತು. ಬೇಕೆಂದೇ ಮಾಡಿದನೋ, ಅಳು ಒತ್ತಿಬಂದು ಹಾಗಾಯಿತೋ, ನಾನು ಕೇಳಿಲ್ಲ. ಬಿಟ್ಟರೆ ಕೆಟ್ಟೆವು ಎಂಬಂತೆ ನಾವೂ ಹಿಂದೆಯೇ ಹತ್ತಿದೆವು. ಕಿರುಚಾಟವೇ ಅನ್ನು!

ಅಂಗಳದಿಂದ ಅಮ್ಮನ ದನಿ ಬಂತು, "ಸ್ವಲ್ಪ ಇಳಿಸೋ! ದೇವರೇನು ಕಿವುಡನಾ?"

ಎಸೆಕಿಯಾ ಅಳುತ್ತಲೇ ಕೂಗಿದ, "ನಮ್ಮದೂ ಕೇಳಿಸಬೇಡ್ವಾ ಅಮ್ಮಾ?"

ಅಮ್ಮ ಎದ್ದು ಬಂದಳು. ನೀನು ಒರಗುತ್ತಿದ್ದ ಕಂಬಕ್ಕೇ ಒರಗಿ ಕೂತು, ಅಂಗೈಯಲ್ಲೇ ಕಣ್ಣೊರೆಸಿಕೊಂಡು, ಉಳಿದ ಸಾಲುಗಳನ್ನು ಅದೇ ಎತ್ತರದಲ್ಲಿ ಹಾಡಿದಳು.

ಇನ್ನು ನೆಮ್ಮದಿಯಾಗಿರು ಅಪ್ಪ. ದೇವರು ನಿನ್ನನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡಿರಲಿ. ಅಲ್ಲಿ ಕೀರ್ತನೆ ಎತ್ತಿಕೊಡು ಎಂದರೆ ಯಾರ ಮಾತಿಗೂ ಶ್ರುತಿ ಇಳಿಸಬೇಡ. ನಮಗೂ ಕೇಳಿಸಬೇಕು.

ನಿನ್ನ ಮೊದಲ ಪಂಕ್ತಿಯ ಮಗು,
ರುಟಾ