ಇಪ್ಪತ್ತೊಂದು ಡೋಲುಗಳ ಸುಳ್ಳು

ಪಕೊಕ್ಕು,
ನವೆಂಬರ್ ೯, ೧೯೮೭

ನನ್ನ ಟುನ್ ಯಿ ಅಣ್ಣನಿಗೆ ಬಾ ಛಿಟ್‌ನ ನಮಸ್ಕಾರಗಳು.

ನಿನ್ನ ಜೀವನಚರಿತ್ರೆಯ ಮೊದಲ ಭಾಗ ಪತ್ರಿಕೆಯಲ್ಲಿ ಬಂದಿದೆ. ಮಗಳು ಏ ಶ್ವೆ ತಂದುಕೊಟ್ಟಳು, ಎರಡು ಸಲ ಓದಿದೆ. ಎಂಟನೇ ವಯಸ್ಸಿಗೆ ಮನೆಬಿಟ್ಟು ನಾಟಕ ಮೇಳದ ದೋಣಿ ಹತ್ತಿದ್ದು, ನಲವತ್ತು ವರ್ಷ ರಾಜಕುಮಾರನಾಗಿ ಕುಣಿದದ್ದು, ಎಲ್ಲ ಚೆನ್ನಾಗಿದೆ. ಹಲ್ಲು ಬಿದ್ದ ರಾಜಕುಮಾರ ಎಂದು ಮಾತ್ರ ಬರೆದಿಲ್ಲ, ನಿನ್ನ ಪುಣ್ಯ.

ಆದರೆ ಮೆಚ್ಚಿನ ಸಂಗೀತ ಯಾವುದೆಂದು ಆ ಬರಹಗಾರ ಕೇಳಿದ್ದಕ್ಕೆ, "ಆಟಕ್ಕೆ ಮುಂಚೆ ನಮ್ ಬಾ ಛಿಟ್ ಡೋಲು ಶ್ರುತಿ ಮಾಡ್ತಾನಲ್ಲ, ಅದೇ ಕಣಯ್ಯ. ಪರದೆ ಆಚೆ ಕೂತು ಕೇಳ್ತೀನಿ. ನನ್ ದನಿ ಇಪ್ಪತ್ತರಲ್ಲಿ ಎಲ್ಲಿತ್ತೋ ಅರವತ್ತರಲ್ಲೂ ಅಲ್ಲೇ ಐತೆ. ಬೇಕಾದ್ರೆ ಆ ಡೋಲುಗಳ್ನೇ ಕೇಳು" ಎಂದಿದ್ದೀಯ. ಓದಿದ ಮೇಲೆ ನನಗೆ ಅನ್ನ ಸೇರಲಿಲ್ಲ.

ಅಣ್ಣ, ಆ ಡೋಲುಗಳು ಸುಳ್ಳು ಹೇಳುತ್ತಿವೆ. ಹೇಳಿಸಿದವನು ನಾನು.

ಹನ್ನೊಂದು ವರ್ಷದ ಹಿಂದೆ ಮಾಗ್ವೆಯಲ್ಲಿ, ಕಾಡಿಗೆ ಹೊರಟ ರಾಜಕುಮಾರನ ಹಾಡಿನಲ್ಲಿ ನಿನ್ನ ದನಿ ಮೇಲಿನ ಸ್ವರಕ್ಕೆ ಹೋಗಿ ಒಡೆಯಿತು. ಜನ ನಕ್ಕರು. "ದೀಪದ ಹೊಗೆ ಗಂಟ್ಲಿಗೆ ಹೋಯ್ತು" ಅಂದೆ ನೀನು. ಆಮೇಲೆ ಕಿರೀಟವನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬನೇ ಕೂತಿದ್ದೆಯಲ್ಲ, ಅದನ್ನು ನಾನು ನೋಡಿದೆ. ಮಾರನೆಯ ದಿನ ನನ್ನ ಸುತ್ತ ಕಟ್ಟಿದ ಇಪ್ಪತ್ತೊಂದು ಡೋಲಿಗೂ ಅನ್ನ-ಬೂದಿ ಕಲಸಿದ ಮುದ್ದೆಯನ್ನು ಉಗುರಿನಷ್ಟು ಹೆಚ್ಚು ಮೆತ್ತಿದೆ. ಮುದ್ದೆ ಹೆಚ್ಚಾದಷ್ಟೂ ಶ್ರುತಿ ಇಳಿಯುತ್ತದೆ. ಜೊತೆಯ ಗಂಟೆಗಳೂ ಇಳಿಯಲೆಂದು ಅಡಿಗೆ ಮೇಣ ಹಚ್ಚಿದೆ, ಶ್ರುತಿ ಇಳಿಸಿ ಊದೆಂದು ಓಲಗದವನ ಕೈಕಾಲು ಹಿಡಿದೆ. ನೀನು ಹಾಡಿದೆ, ಜನ ಅತ್ತರು. ಅಲ್ಲಿಂದ ವರ್ಷ ವರ್ಷವೂ ನಿನ್ನ ದನಿ ಇಳಿದಷ್ಟು ಡೋಲುಗಳೂ ಇಳಿದವು.

ಈಗ ಆ ಜೀವನಚರಿತ್ರೆ ಪುಸ್ತಕವಾಗುತ್ತದಂತೆ, ಅದರ ಬಿಡುಗಡೆಗೆ ಮಂಡಲೆಯಲ್ಲಿ ಬೇರೆ ಮೇಳದೊಡನೆ ಅದೇ ಹಾಡು ಹಾಡುತ್ತೀಯಂತೆ. ಅವರದು ಪ್ರಾಯದವರ ಮೇಳ, ಶ್ರುತಿ ಮೇಲೆ. ಬೇಡ ಅಣ್ಣ. ಅಷ್ಟು ಜನರ ಮುಂದೆ ನಿನ್ನ ದನಿ ಒಡೆಯುವುದು ಬೇಡ. ನಮ್ಮ ಡೋಲುಗಳೇ ಬರಬೇಕೆಂದು ಹಟ ಹಿಡಿ. ಬೈಯುವುದಿದ್ದರೆ ಎದುರಿಗೆ ಬಂದು ಬೈ. ನಿನಗೆ ಮೋಸ ಮಾಡಿದೆನೆಂಬ ನಾಚಿಕೆ ನನಗಿದೆ. ಮಾಡಬಾರದಿತ್ತು ಎಂದು ಮಾತ್ರ ಇವತ್ತಿಗೂ ಅನ್ನಿಸಿಲ್ಲ.

ನಿನ್ನ,
ಬಾ ಛಿಟ್

ತಾ.ಕ.: ಇಷ್ಟು ಹೇಳಿದವನು ಇನ್ನೊಂದನ್ನು ಮುಚ್ಚಿಟ್ಟರೆ ತಪ್ಪಾದೀತು. ಎರಡು ವರ್ಷದಿಂದ ನನಗೆ ಕಿವಿ ಕೇಳುವುದಿಲ್ಲ. ನಿನ್ನ ಕತ್ತಿನ ನರ ನೋಡಿಕೊಂಡು ಬಾರಿಸುತ್ತಿದ್ದೇನೆ. ಶ್ರುತಿ ಮಾಡುವವಳು ಏ ಶ್ವೆ. ಹೆಣ್ಣೊಬ್ಬಳು ಡೋಲುಗಳ ನಡುವೆ ಕೂತರೆ ವಾದ್ಯದ ದೇವತೆಗಳು ಮುನಿಯುತ್ತವೆಂದು ಮೊದಲು ಕೂಗಾಡುವವನು ನೀನೇ. ಕೂಗಾಡು. ಆಮೇಲೆ ಮಂಡಲೆಯಲ್ಲಿ, ಎಲ್ಲರೆದುರು, ನನ್ನ ಜಾಗದಲ್ಲಿ ಅವಳನ್ನು ಕೂರಿಸು. ನಿನ್ನ ದನಿ ಈಗ ಎಲ್ಲಿದೆಯೋ ನನಗೆ ಗೊತ್ತಿಲ್ಲ ಅಣ್ಣ. ಅವಳಿಗೆ ಗೊತ್ತು.