ಮುಂದೆ ಕೆಂಪು, ಹಿಂದೆ ಬಿಳಿ

ಮನೆಯಿಂದ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅತ್ತೆಗೆ, ನಿಮ್ಮ ಬಾಯಿಬಡಕಿ ಸೊಸೆಯ ನಮಸ್ಕಾರಗಳು.

ಹೇಗಿದ್ದೀರಿ? ದೊಡ್ಡಮ್ಮನ ಸೊಂಟದ ಮೂಳೆ ಕೂಡಿಕೊಳ್ಳುತ್ತಿದೆಯೇ, ಗೋಡೆ ಹಿಡಿದು ನಾಲ್ಕು ಹೆಜ್ಜೆಯಾದರೂ ಇಡುತ್ತಿದ್ದಾರೆಯೇ? ಅಕ್ಕನ ಆರೈಕೆಯ ಭರದಲ್ಲಿ ನೀವು ಮಂಡಿನೋವು ಮರೆತು ಮೆಟ್ಟಿಲು ಹತ್ತಿ ಇಳಿಯಬೇಡಿ. ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಲು ಕೂತೆ, ಕೈ ಬರುತ್ತಿಲ್ಲ. ನಿನ್ನೆ ಬೆಳಗ್ಗೆ ನಡೆದದ್ದನ್ನು ಫೋನಿನಲ್ಲಿ ಹೇಳೋಣವೆಂದರೆ ಮಾವ ಪಕ್ಕದಲ್ಲೇ ಕೂತು ಕಿವಿ ಕೊಟ್ಟಿರುತ್ತಾರೆ.

ನಮ್ಮ ಕಡೆಯ ಬೆಳಗಿನ ಮೊದಲ ಬಸ್ಸು ನಿಂತುಹೋಯಿತು. ಬೇಕರಿಯಲ್ಲಿ ಹಿಟ್ಟು ಕಲಸುವ ಹೊತ್ತಿಗೆ ನಾನಿರದಿದ್ದರೆ ಯಜಮಾನರು ಕೆಂಡವಾಗುತ್ತಾರೆ. ಹಾಗಾಗಿ ನಿಮ್ಮ ಮಗನ ಹಳೇ ಸೈಕಲ್ಲನ್ನು ಮೂಲೆಯಿಂದ ಹೊರಗೆಳೆದೆ. ಮಾವ ಬಿಟ್ಟಾರೆಯೇ? "ಸೈಕಲ್ ಅಂಗಡಿಯವನು ಯಾಕೆ, ನಾನಿಲ್ವಾ?" ಎಂದು ಕೊರಳಿಗೆ ಟೇಪು ಹಾಕಿಕೊಂಡು ಬಂದೇಬಿಟ್ಟರು. ನನ್ನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಸೊಂಟದಿಂದ ಹಿಮ್ಮಡಿಯವರೆಗೆ ಅಳತೆ ತೆಗೆದರು. ಟೈಲರ್ ಬುದ್ಧಿ ಎಲ್ಲಿ ಹೋಗುತ್ತದೆ, ಬಟ್ಟೆಗೆ ಬಿಡುವ ಹಾಗೆ ಸೀಟಿಗೂ ಎರಡು ಬೆರಳು ಸಡಿಲ ಬಿಟ್ಟು ತಗ್ಗಿಸಿ ಕೂರಿಸಿದರು. ತುಳಿದರೆ ಮಂಡಿ ಗಲ್ಲಕ್ಕೆ ಬಡಿಯುವುದೊಂದು ಬಾಕಿ! "ನಾನೇನು ಒಗೆದ್ರೆ ಕುಗ್ತೀನಾ ಮಾವ?" ಎಂದು ರೇಗಿಸಿದೆ. ನಕ್ಕು, ಬೋಲ್ಟು ಸಡಿಲಿಸಿ ಸೀಟು ಮೇಲೆತ್ತಿದರು. ಕೆಳಗಿನ ಪೆಡಲಿನ ಮೇಲೆ ಹಿಮ್ಮಡಿಯಿಟ್ಟರೆ ಕಾಲು ನೆಟ್ಟಗಾಗಬೇಕು ಎಂದು ಮೂರ್ನಾಲ್ಕು ಸಲ ಹತ್ತಿಸಿ ಇಳಿಸಿದರು. ಬೆನ್ನು ಬಾಗದ ಹಾಗೆ ಹ್ಯಾಂಡಲ್ಲನ್ನೂ ಏರಿಸಿದರು. ಸುಳ್ಳು ಹೇಳಬಾರದು ಅತ್ತೆ, ಸೈಕಲ್ಲು ನನಗೆಂದೇ ಹೊಲಿಸಿದ ಹಾಗಿತ್ತು. ಕೊನೆಗೆ ಲೈಟು. ಒಂದೇ ಅಚ್ಚಿನ ಎರಡು ಪುಟ್ಟ ಲೈಟು, ಮುಂದಕ್ಕೆ ಬಿಳಿ, ಹಿಂದಕ್ಕೆ ಕೆಂಪು ಕಟ್ಟಬೇಕಾದದ್ದು. ರಬ್ಬರ್ ಪಟ್ಟಿ ಎಳೆದು ಬಿಗಿಯಾಗಿ ಕಟ್ಟಿದರು.

ನಿನ್ನೆ ಇನ್ನೂ ಕತ್ತಲಿರುವಾಗ ಹೊರಟೆ. ಎರಡೂ ಲೈಟನ್ನು ಅವರೇ ಬಾಗಿಲಲ್ಲಿ ನಿಂತು ಹೊತ್ತಿಸಿದರು. ದಾರಿಯ ಮೇಲೆ ಕೆಂಪು ಬೆಳಕು ಬೀಳುತ್ತಿತ್ತು, ನೋಡಿದೆ. ನೋಡಿಯೂ ಈ ಮಂದಬುದ್ಧಿಗೆ ಹೊಳೆಯಲಿಲ್ಲ. ಮಾವ ಕಟ್ಟಿದ್ದು ಎಂದ ಮೇಲೆ ಅನುಮಾನ ಎಲ್ಲಿಂದ ಬರಬೇಕು? ಗೋದಾಮುಗಳ ಹಿಂದಿನ ಕಿರಿದಾದ ರಸ್ತೆಯಲ್ಲಿ ದೀಪದ ಕಂಬಗಳಿಲ್ಲ. ಹಿಂದಿನಿಂದ ಹಾಲಿನ ವ್ಯಾನು ಬಂತು. ಅಯ್ಯೋ, ಅದರ ಕನ್ನಡಿ ನನ್ನ ತೋಳು ಸವರಿಕೊಂಡೇ ಹೋಯಿತು! ನಾನೂ ಸೈಕಲ್ಲೂ ಚರಂಡಿಯಲ್ಲಿ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿಲ್ಲ, ಗಾಬರಿಯಾಗಬೇಡಿ. ಡ್ರೈವರ್ ಇಳಿದು ಬಂದ. "ಏನಮ್ಮಾ, ಬಿಳಿ ಲೈಟು ನೋಡಿ ಎದುರಿಂದ ಬರ್ತಿದ್ದೀರ ಅಂದ್ಕೊಂಡು ಎಡಕ್ಕೆ ಸರಿದೆ! ಹೋಗ್ತಿರೋರು ಹಿಂದಕ್ಕೆ ಬಿಳಿ ಕಟ್ತಾರಾ?" ಎಂದು ಕೂಗಾಡಿದ. ಆಗ ತಿರುಗಿ ನೋಡಿದೆ. ಹಿಂದೆ ಬಿಳಿ, ಮುಂದೆ ಕೆಂಪು.

ಸೈಕಲ್ಲು ತಳ್ಳಿಕೊಂಡು ಮನೆಗೆ ಬಂದವಳೇ ಮಾವನ ಮೇಲೆ ಹರಿಹಾಯ್ದೆ. "ಮುಂದಕ್ಕೆ ಬಿಳೀದೇ ಹಾಕಿದೀನಲ್ಲಮ್ಮ" ಎಂದರು, ಅಷ್ಟು ನಂಬಿಕೆಯಿಂದ! ಎರಡನ್ನೂ ಬಿಚ್ಚಿ ಕಿಟಕಿಯ ಬೆಳಕಿನಲ್ಲಿ ಮೇಜಿನ ಮೇಲಿಟ್ಟು, ಬಿಳಿ ಯಾವುದು ತೋರಿಸಿ ಎಂದೆ. ಕೈಗೆತ್ತಿಕೊಂಡರು, ಕಣ್ಣ ಹತ್ತಿರ ತಂದರು, ತಿರುಗಿಸಿದರು. ಕೆಂಪನ್ನು ನನ್ನ ಕೈಗೆ ಕೊಟ್ಟರು. ಅವರಿಗೆ ನನ್ನ ಮುಖ ಹೇಗೆ ಕಂಡಿತೋ, ಹೊಲಿಗೆ ಮಿಷಿನ್ನಿನ ಸ್ಟೂಲಿನ ಮೇಲೆ ಕುಸಿದು ಕೂತರು. ಅಲ್ಲಿ ನೀಲಿ ಅಂಗಿಯೊಂದು ಹಸಿರು ದಾರದಲ್ಲಿ ಅರ್ಧ ಹೊಲಿದು ಬಿದ್ದಿತ್ತು. "ನಿಮ್ಮತ್ತೆ ದಾರ ತೆಗೆದು ಕೊಡ್ತಿದ್ಲು, ನಾನು ಹೊಲೀತಿದ್ದೆ. ಅವಳೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ" ಎಂದರು.

ಅಂದರೆ ನಿಮಗೆ ಗೊತ್ತಿತ್ತು! ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡಿದ್ದಿರಾ? ಸಿಟ್ಟು ಬರುತ್ತಿದೆ, ಬರೆಯದೆ ಇರಲಾರೆ. ಅವರ ಮಾನ ಕಾಯುತ್ತಿದ್ದೇನೆ ಎಂದುಕೊಂಡಿರಿ, ಅವರ ಕಣ್ಣು ಹೋಗುತ್ತಿತ್ತು ಅತ್ತೆ. ಬೇಡ ಬೇಡವೆಂದರೂ ಕೇಳದೆ ನಿನ್ನೆಯೇ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆವು. ವಯಸ್ಸಿನ ಮಂಜಲ್ಲವಂತೆ, ಕಣ್ಣಿನೊಳಗಿನ ಒತ್ತಡ ನರವನ್ನು ತಿಂದಿದೆಯಂತೆ. ಎಡಗಣ್ಣಿನಲ್ಲಿ ಹೋದದ್ದು ಇನ್ನು ಬರುವುದಿಲ್ಲ. ಬಲಗಣ್ಣಿನಲ್ಲಿ ಉಳಿದದ್ದನ್ನಾದರೂ ಉಳಿಸಿಕೊಳ್ಳಬೇಕೆಂದರೆ ಆಪರೇಶನ್ ಆಗಲೇಬೇಕು, ತಡ ಮಾಡುವಂತಿಲ್ಲ ಎಂದರು. ಇದನ್ನೆಲ್ಲ ಓದಿ ನಿಮ್ಮನ್ನು ನೀವೇ ಬೈದುಕೊಳ್ಳುತ್ತಾ ಕೂರಬೇಡಿ. ಬೈಯುವ ಕೆಲಸ ನಾನೇ ಮುಗಿಸಿದ್ದೇನೆ.

ದೊಡ್ಡಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡಿ.

ನಿಮ್ಮ,
ಬಾಯಿಬಡಕಿ ಸೊಸೆ

ತಾ.ಕ.: ಈ ಪತ್ರವನ್ನು ನಿಮ್ಮ ಮಗನ ಕೈಯಲ್ಲೇ ಕಳಿಸುತ್ತಿದ್ದೇನೆ. ದೊಡ್ಡಮ್ಮನ ಹತ್ತಿರ ಅವರು ಉಳಿಯಲಿ, ನೀವು ಹೊರಟು ಬನ್ನಿ. ಶುಕ್ರವಾರ ಬೆಳಗ್ಗೆ ಆಪರೇಶನ್, ಮಾವ ಒಪ್ಪುತ್ತಿಲ್ಲ. ಯಾಕೆಂದು ಪೀಡಿಸಿದ್ದಕ್ಕೆ, "ಕಟ್ಟು ಬಿಚ್ಚಿದ್ಮೇಲೆ ಏನೂ ಕಾಣ್ದೇ ಹೋದ್ರೆ? ಒಂದ್ಸಲ ಅವಳ ಮುಖ ನೋಡ್ಕೊಂಡು ಮಲಗ್ತೀನಿ" ಎಂದರು. ಗುರುವಾರ ಹಗಲಿರುವಾಗಲೇ ಬಂದು ಸೇರಿ ಅತ್ತೆ. ಸಂಜೆಯಾದರೆ ಅವರಿಗೆ ಮುಖ ಗುರುತು ಹತ್ತುವುದಿಲ್ಲ.